ಬಾಣಂತಿ ಬಚ್ಚಲಿನ ಕೆಂಪು ದೀಪ

ಡೀಸೆಲ್ ಮುಟ್ಟಿ ಹೇಳ್ತೀನಿ, ಇದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇರೆಯೋರು ದೇವ್ರನ್ನ ಮುಟ್ತಾರೆ, ಮಕ್ಕಳ ತಲೆ ಮುಟ್ತಾರೆ. ನಂಗೆ ಅನ್ನ ಹಾಕಿದ್ದು ಜನರೇಟರು, ಅದ್ಕೇ ನಾನು ಡೀಸೆಲ್ ಮುಟ್ತೀನಿ. ಹೆಸ್ರು ಪಾಪಣ್ಣ, ಊರು ಬಾಣಾವರ. ಮೂರನೇ ಕ್ಲಾಸಲ್ಲಿ ನಾನು ಸ್ಕೂಲ್ ಬಿಟ್ನೋ, ಸ್ಕೂಲೇ ನನ್ನ ಬಿಡ್ತೋ, ಇವತ್ತಿಗೂ ತೀರ್ಮಾನ ಆಗಿಲ್ಲ.

ನಮ್ಮೂರಿಗೆ ಸಮಾಧಾನದ ಕಾಯ್ದೆ ಬಂದ ವರ್ಷದ ಮಾತಿದು. ಯಾವ್ದೋ ದೊಡ್ಡ ಊರಲ್ಲಿ ಒಬ್ಬ ಆಸಾಮಿ ಮನಸ್ಸು ಕೆಟ್ಟೋರಿಗೆ ಬುದ್ಧಿ ಹೇಳ್ತೀನಿ ಅಂತ ಬೋರ್ಡ್ ಹಾಕ್ಕೊಂಡು, ಬಂದೋರ ಸಂಸಾರನೆಲ್ಲಾ ಮುರಿದು ಹಾಕಿದ್ನಂತೆ. ಅವ್ನ ಹತ್ರ ಓದೂ ಇಲ್ಲ, ದೀಕ್ಷೆನೂ ಇಲ್ಲ. ಜನ ರೊಚ್ಚಿಗೆದ್ರು. ಸರ್ಕಾರ, ಇನ್ಮೇಲೆ ಲೈಸನ್ಸ್ ಇಲ್ದೆ ಯಾರೂ ಯಾರಿಗೂ ಸಮಾಧಾನ ಹೇಳಂಗಿಲ್ಲ ಅಂತು. ತಪ್ಪೇನಿಲ್ಲ ಬಿಡಿ. ಬಸ್ ಓಡ್ಸೋಕೆ ಲೈಸನ್ಸ್ ಬೇಕು, ಇನ್ನೊಬ್ಬರ ತಲೆ ಒಳಕ್ಕೆ ಕೈ ಹಾಕೋಕೆ ಬ್ಯಾಡ್ವಾ?

ಲೈಸನ್ಸಿಗೆ ಎರಡು ಬಾಗ್ಲು. ಒಂದು ಓದಿದೋರ ಬಾಗ್ಲು: ಆರು ವರ್ಷ ಕಾಲೇಜು, ಎರಡು ಸಾವ್ರ ಗಂಟೆ ಬೇರೆಯೋರ ಅಳು ಕೇಳಿರ್ಬೇಕು, ಆಮೇಲೆ ಪರೀಕ್ಷೆ. ಪಾಸಾದ್ರೆ ಎದೆ ಮೇಲೆ ನೀಲಿ ಬಿಲ್ಲೆ. ಇನ್ನೊಂದು ದೇವ್ರ ಬಾಗ್ಲು: ಮಠನೋ ಮಸೀದಿನೋ ಚರ್ಚೋ ದೇವಸ್ಥಾನನೋ, 'ಇವ್ರು ನಮ್ಮೋರು' ಅಂತ ಒಂದು ಕಾಗದ ಬರ್ಕೊಟ್ರೆ ಮುಗೀತು, ಬಿಳಿ ಬಿಲ್ಲೆ. ಪರೀಕ್ಷೆ ಇಲ್ಲ, ಗಂಟೆ ಇಲ್ಲ. ದೇವ್ರ ಪಾಠಕ್ಕೆ ಸರ್ಕಾರ ಮಾರ್ಕ್ಸ್ ಹಾಕೋಕಾಗುತ್ತಾ? ಒಂದೇ ಒಂದು ಷರತ್ತು: ಬಿಳಿ ಬಿಲ್ಲೆಯೋರು ಅವರವರ ಮತದೋರಿಗೆ ಮಾತ್ರ ಸಮಾಧಾನ ಹೇಳ್ಬೇಕು.

ಇದನ್ನ ಕಾಯೋಕೆ ಮನೆಮನೆ ಸೂರಿಗೂ ಒಂದು ಯಂತ್ರ ಅಂಟಿಸಿದ್ರು. ಬೂದು ಬಣ್ಣ, ಮುಷ್ಟಿ ಗಾತ್ರ. ಸರ್ಕಾರಿ ಹೆಸ್ರು ನಾಲಿಗೆ ಮೇಲೆ ನಿಲ್ತಿರ್ಲಿಲ್ಲ, ಜನ ಗುಬ್ಬಿ ಅಂದ್ರು. ಈ ಗುಬ್ಬಿಗಳೆಲ್ಲಾ ಕೂಗಿದ್ದು ಬಂದು ಬೀಳ್ತಿದ್ದದ್ದು ರೈಲ್ವೆ ಗೇಟ್ ಪಕ್ಕದ ಕಂಟ್ರೋಲ್ ರೂಮಿಗೆ. ಮೊದ್ಲು ಅದು ಕೊಬ್ಬರಿ ಗೋಡೌನು. ಎಷ್ಟು ಸುಣ್ಣ ಹೊಡೆದ್ರೂ ಕೊಬ್ಬರಿ ವಾಸ್ನೆ ಹೋಗ್ಲಿಲ್ಲ, ಬೆಂಗಳೂರಿಂದ ಬಂದ ಇಂಜಿನಿಯರುಗಳು ಹೊಟ್ಟೆ ಹಸ್ಕೊಂಡೇ ಕೆಲ್ಸ ಮಾಡ್ತಿದ್ರು. ಕರೆಂಟ್ ಹೋದ್ರೆ ಜನರೇಟರ್ ಎಬ್ಸೋನು ನಾನು. ಕರೆಂಟ್ ಇದ್ದಾಗ ಬಾಗ್ಲಲ್ಲಿ ಸ್ಟೂಲ್ ಹಾಕ್ಕೊಂಡು ನೋಡ್ತಾ ಕೂರೋನು. ಗೋಡೆ ಮೇಲೆ ಊರಿನ ನಕ್ಷೆ, ಮನೆಗೊಂದು ಪುಟ್ಟ ದೀಪ. ಬಿಲ್ಲೆ ಇರೋರು ಸಮಾಧಾನ ಹೇಳಿದ್ರೆ ಹಸಿರು. ಇಲ್ದೋರು ಹೇಳಿದ್ರೆ ಕೆಂಪು.

ಅಲ್ಲಿ ಸಾಹೇಬ್ರು ಅಂದ್ರೆ ಶರ್ವಾಣಿ ಮೇಡಂ. ನೀಲಿ ಬಿಲ್ಲೆ, ಶಿವಮೊಗ್ಗ ಕಡೆಯೋರು, ಮೂವತ್ತು ದಾಟಿರಲಿಲ್ಲ. ಒಂದಿನ ಕೇಳ್ದೆ.

"ಮೇಡಂ, ಈ ಗುಬ್ಬಿಗೆ ಹೆಂಗೆ ಗೊತ್ತಾಗುತ್ತೆ, ಇದು ಸಮಾಧಾನ, ಇದು ಬರೀ ಹರಟೆ ಅಂತ?"

"ಉಸಿರು ಪಾಪಣ್ಣ. ದುಃಖದಲ್ಲಿರೋರ ಉಸಿರು ಗಂಟಲಲ್ಲಿ ತಡೆದು ತಡೆದು ಬರುತ್ತೆ. ಅವ್ರಿಗೆ ಯಾರಾದ್ರೂ ನಿಜವಾಗ್ಲೂ ಸಮಾಧಾನ ಹೇಳಿದ್ರೆ, ಸ್ವಲ್ಪ ಹೊತ್ತಲ್ಲಿ ಇಬ್ಬರ ಉಸಿರೂ ಒಂದೇ ಹೆಜ್ಜೆಗೆ ಬರುತ್ತೆ, ಜೋಡಿ ಎತ್ತು ನಡೆದಂಗೆ. ಮಾತನ್ನೂ ಬರ್ಕೊಳ್ಳುತ್ತೆ, ಆದ್ರೆ ದೀಪ ಹತ್ತೋದು ಉಸಿರಿಗೆ."

"ಹಂಗಾದ್ರೆ ಸುಳ್ಳು ಸಮಾಧಾನ ಹೇಳಿದ್ರೆ ಕೇಸಿಲ್ಲ?"

ಮೇಡಂ ಪೆನ್ನಿನ ಕ್ಯಾಪ್ ಹಾಕಿದ್ರು, ತೆಗೆದ್ರು. "ಇಲ್ಲ. ಇದನ್ನ ಹೊರಗಡೆ ಹೇಳ್ಬೇಡಿ."

ಹೇಳಲಿಲ್ಲ. ಹಂಗಾಗಿ ಊರೋರು ಸುಳ್ಳಿಗೂ ಹೆದರಿಕೊಂಡ್ರು, ನಿಜಕ್ಕೂ ಹೆದರಿಕೊಂಡ್ರು. ಸಾವಿನ ಮನೇಲಿ ನೂರು ಜನ ಸೇರಿ ನೂರೂ ಜನ ಸೂರು ನೋಡ್ತಾ ಕೂರೋರು. ಮನೆಯೋರಿಗೆ ಮಾತ್ರ ದಿನಕ್ಕೆ ಮೂರು ಮಾತು ಮಾಫಿ. ನಮ್ಮ ನಂಜಮ್ಮ, ನನ್ನ ಹೆಂಡ್ತಿ, ಆ ಮೂರನ್ನೂ ಬೆಳಗ್ಗೆ ಕಾಫಿ ಜೊತೆಗೇ ಖರ್ಚು ಮಾಡ್ಬುಡೋಳು, ಸಾಯಂಕಾಲ ನಾನು ಕಾಲು ಮುರ್ಕೊಂಡು ಬಂದ್ರೂ ಬಾಯಿ ಬಿಡ್ತಿರ್ಲಿಲ್ಲ. ಪೋಸ್ಟ್ ಮಾಸ್ಟರ್ ಮನೆ ಗಿಣಿ 'ಅಳಬ್ಯಾಡ, ಅಳಬ್ಯಾಡ' ಅಂತ ಕಲಿತು ಅದಕ್ಕೊಂದು ನೋಟೀಸು ಬಂತು. ಅವ್ರು ಬುದ್ಧಿವಂತ್ರು, ಗಿಣಿ ಹುಟ್ಟಿದ್ದು ದೇವಸ್ಥಾನದ ಬೇವಿನ ಮರದಲ್ಲಿ ಅಂತ ಪೂಜಾರಪ್ಪನ ಹತ್ರ ಕಾಗದ ಬರೆಸಿದ್ರು. ಹದಿನೈದು ದಿನದಲ್ಲಿ ಗಿಣಿ ಕುತ್ತಿಗೆಗೆ ಬಿಳಿ ಬಿಲ್ಲೆ. ಅದರ ಭಾರಕ್ಕೆ ಹಾರೋಕಾಗ್ದೆ ನಡ್ಕೊಂಡು ಓಡಾಡ್ತಿತ್ತು ಪಾಪ.

ಇಷ್ಟೊತ್ತು ಊರ ಕಥೆ. ಇನ್ನು ನಮ್ಮನೇದು.

ನನ್ನ ಮಗಳು ದಾಕ್ಷಾಯಿಣಿ ಮೊದಲ್ನೇ ಹೆರಿಗೆಗೆ ಬಂದಿದ್ಲು. ಹೆಣ್ಣು ಮಗು, ಗುಂಡು ಗುಂಡಗೆ. ಹೆರಿಗೆ ಸಲೀಸು. ಆದ್ರೆ ಮಗು ಬಂದ ಮೂರನೇ ದಿನದಿಂದ ದಾಕ್ಷಿ ಗೋಡೆ ಕಡೆ ತಿರುಗಿ ಮಲಗಿದೋಳು ಈ ಕಡೆ ತಿರುಗ್ಲಿಲ್ಲ. ಮಾತಿಲ್ಲ. ಅನ್ನ ಇಟ್ರೆ ಅನ್ನ ಆರೋದು, ಮಗು ಅತ್ರೆ ಮಗು ಅಳೋದು. ಆಸ್ಪತ್ರೆ ಡಾಕ್ಟ್ರಮ್ಮ ನೋಡಿ, "ಇದು ಕೆಲವು ಬಾಣಂತಿಯರಿಗೆ ಬರುತ್ತೆ, ಮಾತ್ರೆ ಕೊಡ್ತೀನಿ, ಮಾತಾಡ್ಸೋರೂ ಬೇಕು. ಒಬ್ಬಳನ್ನೇ ಬಿಡ್ಬೇಡಿ" ಅಂದ್ರು. ನಾನು ಅವತ್ತೇ ಹಿತ್ತಲ ಬಾವಿ ಮೇಲೆ ಕಲ್ಲು ಚಪ್ಪಡಿ ಎಳೆಸ್ದೆ.

ನೀಲಿ ಬಿಲ್ಲೆಯೋರಿಗೆ ಚೀಟಿ ಹಾಕಿದ್ರೆ ಸರದಿ ಏಳು ವಾರಕ್ಕೆ. ಶರ್ವಾಣಿ ಮೇಡಂ ಕಾವಲಿನ ಕೆಲಸದಲ್ಲಿ ಇರೋದ್ರಿಂದ ಅವ್ರು ಸಮಾಧಾನ ಹೇಳಂಗಿಲ್ಲ, ಆದ್ರೂ ಹಾಸನದಲ್ಲಿ ಯಾರ್ನೋ ಹಿಡಿದು ಫೋನಲ್ಲಿ ಒಂಬತ್ತು ನಿಮಿಷ ಕೊಡಿಸಿದ್ರು. ದಾಕ್ಷಿ ಫೋನನ್ನ ಗೋಡೆಗೆ ಒರಗಿಸಿದ್ಲು. ಹಸಿರು ಹತ್ತಲಿಲ್ಲ. ಮಠದಿಂದ ಬಿಳಿ ಬಿಲ್ಲೆಯ ಅಯ್ನೋರು ಬಂದು ವಿಭೂತಿ ಇಟ್ಟು ಕರ್ಮ, ಜನ್ಮ ಎಲ್ಲಾ ಹೇಳಿದ್ರು. ಒಳ್ಳೇ ಮನುಷ್ಯ, ಬೆವರು ಸುರಿಸ್ಕೊಂಡು ಹೇಳಿದ್ರು. ಹಸಿರು ಹತ್ತಲಿಲ್ಲ. ಬೇರೆ ಮನೇಲಿ ಇಬ್ಬರಿಗೂ ಹತ್ತಿದ್ದನ್ನ ನಾನೇ ನೋಡಿದ್ದೀನಿ. ನಮ್ಮನೇಲಿ ಹತ್ತಲಿಲ್ಲ, ಅಷ್ಟೆ.

ಉಳಿದೋಳು ತಿಮ್ಮಾಜಮ್ಮ. ಬಾಣಂತಿಗೂ ಮಗೂಗೂ ಎಣ್ಣೆ ಹಚ್ಚಿ ನೀರು ಹಾಕೋ ಮುದುಕಿ. ಬಾಣಾವರದ ಅರ್ಧ ಜನಕ್ಕೆ ಅವಳೇ ಮೊದಲ ನೀರು ಹಾಕಿರೋಳು, ಮೇಲಿನ ಪೇಟೆ ಕೆಳಗಿನ ಪೇಟೆ, ನಮಾಜಿನೋರು ಪೂಜೆಯೋರು ಅಂತ ಏನಿಲ್ಲ. ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟು ಬಿರುಸು. ಹಂಡೆ ನೀರು ಕಾಯೋ ಮುಂಚೆ ಅವಳು ಕಾಯೋಳು.

"ಏನೇ ಮೂದೇವಿ, ಗೋಡೆ ಏನು ನಿನ್ನ ಗಂಡನಾ, ಅವತ್ತಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ದೀಯ? ಬೆನ್ನು ಬಗ್ಸು. ಥೂ, ಈ ಬೆನ್ನಲ್ಲಿ ಜಗಲಿ ಕಟ್ಟಬೋದು. ಹೆತ್ತೋಳು ನೀನೊಬ್ಳೇನಾ? ಹೆದರಿಕೆ ಆಗುತ್ತೆ ಅಂತ ಬಾಯಿಬಿಟ್ಟು ಹೇಳೇ, ಗಂಟೇನು ಹೋಗುತ್ತೆ?"

ಬಿಸಿನೀರು ತಲೆ ಮೇಲೆ ದಬದಬ ಬೀಳೋವಾಗ ಅತ್ರೂ ಗೊತ್ತಾಗಲ್ಲ ನೋಡಿ. ಹದಿಮೂರು ದಿನ ಆದ್ಮೇಲೆ ದಾಕ್ಷಿ ಅವತ್ತು ನೀರೊಳಗೇ ಅತ್ಲಂತೆ. ಇತ್ಲಾಗೆ ಕಂಟ್ರೋಲ್ ರೂಮಲ್ಲಿ ನಮ್ಮನೆ ದೀಪ ಕೆಂಪಗೆ ಹತ್ತಿತು.

ತಿಮ್ಮಾಜಮ್ಮಂಗೆ ಅದು ಎರಡನೇ ನೋಟೀಸು. ಮೊದಲ್ನೇದು ಕೆಳಗಿನ ಪೇಟೆ ಶಬಾನಾ ಮನೆ ಬಚ್ಚಲಲ್ಲಿ ಬಿದ್ದಿತ್ತು. ಮೂರನೇದು ಬಿದ್ರೆ ಆರು ತಿಂಗಳು ಜೈಲು. ದಾಕ್ಷಿ ಅವತ್ತು ಮಧ್ಯಾಹ್ನ ನಾಲ್ಕು ತುತ್ತು ಉಂಡಿದ್ಲು. ಹಂಗಾಗಿ ನಾನೇ ಮುದುಕಿನ ಮೇಡಂ ಹತ್ರ ಕರ್ಕೊಂಡೋದೆ.

ಮೇಡಂ ಫಾರಂ ತೆಗೆದ್ರು. "ಅಜ್ಜಿ, ನಿಮ್ಗೆ ಲೈಸನ್ಸ್ ಮಾಡಿಸೋಣ. ನಿಮ್ಮದು ಧಾರ್ಮಿಕಾನೋ, ಧರ್ಮೇತರಾನೋ?"

"ನಂದು ನೀರು ಹಾಕೋ ಕೆಲ್ಸ."

"ಅದಲ್ಲ ಅಜ್ಜಿ. ಓದು ಎಷ್ಟಾಗಿದೆ?"

"ಹೆಬ್ಬೆಟ್ಟು."

"ಹಾಗಾದ್ರೆ ಧಾರ್ಮಿಕ ಅಂತ್ಲೇ ಹಾಕ್ಬೇಕು. ನಿಮ್ಮ ಮಾತಲ್ಲಿ ದೇವ್ರು ಬರ್ತಾನಾ?"

"ಬರ್ತಾನಲ್ಲ, ಸೀಗೆಪುಡಿ ಕಣ್ಣಿಗೆ ಬಿದ್ದಾಗ."

ಮೇಡಂ ನಗು ತಡ್ಕೊಂಡು ಒಂದು ಕಾಗದ ತನ್ನಿ ಅಂದ್ರು. ಸುದ್ದಿ ಊರಲ್ಲಿ ಹಬ್ಬಿತು ನೋಡಿ, ಸಾಯಂಕಾಲದೊಳಗೆ ಮೂರು ಕಾಗದ ರೆಡಿ. ಮಠದ ಶ್ಯಾನುಭೋಗ್ರು, "ತಿಮ್ಮಾಜಮ್ಮ ನಮ್ಮೋಳು, ನನಗೇ ನೀರು ಹಾಕಿದೋಳು" ಅಂದ್ರು. ಮಸೀದಿ ಕಮಿಟಿ ಬಾಷಾ ಸಾಬ್ರು, "ಹಂಗೆ ನೋಡಿದ್ರೆ ನಮ್ಮನೇಲಿ ಮೂರು ತಲೆಮಾರಿಗೆ ಹಾಕೌಳೆ, ಅವಳು ನಮ್ಮೋಳು" ಅಂದ್ರು. ಬಸದಿಯೋರು ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸ್ಕೊಂಡೇ ಬಂದ್ರು. ಮುದುಕಿ ಜಗಲಿ ಮೇಲೆ ಮೂರನ್ನೂ ಹರಡಿಕೊಂಡು ಕೂತ್ಲು.

"ಲೋ ಪಾಪಣ್ಣ, ಈ ಮಠದ್ದು ತಗೊಂಡ್ರೆ ಶಬಾನಂಗೆ ಬೈಬೋದಾ?"

"ಇಲ್ಲ ಕಣಜ್ಜಿ. ನಮ್ಮೋರಿಗೆ ಮಾತ್ರ."

"ಮಸೀದೀದು ತಗೊಂಡ್ರೆ?"

"ದಾಕ್ಷಿಗೆ ಬೈಯಂಗಿಲ್ಲ."

"ಮೂರನ್ನೂ ತಗೊಂಡ್ರೆ?"

"ಒಬ್ಬರಿಗೆ ಒಂದೇ ಬಿಲ್ಲೆ."

"ಹಂಗಾದ್ರೆ ಒಂದು ಬಚ್ಚಲಲ್ಲಿ ಬಾಯಿ ಬಿಟ್ಕೊಂಡು ಇನ್ನೊಂದು ಬಚ್ಚಲಲ್ಲಿ ಬಾಯಿ ಹೊಲ್ಕೊಳ್ಳೋ ಹೊತ್ಗೆ ನಂಗೆ ಹುಚ್ಚು ಹಿಡೀತದೆ. ಇವನ್ನ ಅವರವ್ರಿಗೇ ಕೊಟ್ಬುಡು. ಯಾರಿಗೂ ಬೇಜಾರ್ ಮಾಡ್ಬ್ಯಾಡ, ಒಳ್ಳೇ ಕಾಗದ ಅಂತ ಹೇಳು."

"ಮತ್ತೆ ದಾಕ್ಷಿಗೆ?"

ಮುದುಕಿ ಸೂರಿನ ಗುಬ್ಬಿ ನೋಡಿದ್ಲು. "ನೀರು ಹಾಕೋಕೆ ಲೈಸನ್ಸ್ ಕೇಳಿಲ್ವಲ್ಲ? ಬಂದು ನೀರು ಹಾಕ್ತೀನಿ. ಬಾಯಿಗೆ ಬೀಗ."

ಮಾತು ಕೊಟ್ಟಂಗೆ ಬಂದ್ಲು. ದವಡೆಗೆ ದೊಡ್ಡದೊಂದು ಎಲೆ ಅಡಿಕೆ ತುರುಕಿಕೊಂಡು, ಎಣ್ಣೆ ಹಚ್ಚಿ, ನೀರು ಹಾಕಿ, ಮೈ ಒರೆಸಿ, ಹೋದ್ಲು. ಎರಡು ದಿನ ಹಂಗೇ. ದಾಕ್ಷಿ ಊಟ ಮತ್ತೆ ನಿಂತೋಯ್ತು. ಎರಡನೇ ದಿನ ಮಧ್ಯಾಹ್ನ ನಂಜಮ್ಮ ಮಗೂಗೆ ಲೋಟದಲ್ಲಿ ಹಾಲು ಕುಡಿಸ್ತಾ ಹಿತ್ತಲ ಕಡೆ ಕಣ್ಣು ಹಾಕಿದ್ಲು. ದಾಕ್ಷಿ ಬಾವಿ ಹತ್ರ ನಿಂತಿದ್ಲಂತೆ. ಚಪ್ಪಡಿ ಮೇಲೆ ಕೈ ಇಟ್ಕೊಂಡು. ಸುಮ್ನೆ. ನಂಜಮ್ಮ ಹೋಗಿ ಕೈ ಹಿಡಿದು ಒಳಕ್ಕೆ ಕರ್ಕೊಂಬಂದ್ಲು. ಅವತ್ತಿನ ಮೂರು ಮಾತು ಬೆಳಗ್ಗೇನೇ ಮುಗಿದಿತ್ತು.

ಮೂರನೇ ದಿನ ನಾನು ಡ್ಯೂಟೀಲಿದ್ದೆ. ಬೆಳಗ್ಗೆ ಹತ್ತೂವರೆ. ಕರೆಂಟ್ ಇತ್ತು, ನಾನು ಸ್ಟೂಲ್ ಮೇಲೆ ಕೂತು ನಕ್ಷೆ ನೋಡ್ತಿದ್ದೆ, ಬೇರೆಲ್ಲಾ ಬಿಟ್ಟು ಒಂದೇ ದೀಪ ನೋಡ್ತಿದ್ದೆ. ಟಪ್ ಅಂತ ಕೆಂಪು ಹತ್ತಿತು.

"ಪಾಪಣ್ಣ," ಮೇಡಂ ಎದ್ದೇಬಿಟ್ರು, "ನಿಮ್ಮನೆ."

ನಾನು ಸ್ಟೂಲ್ ಒದ್ಕೊಂಡು ಎದ್ದೆ. "ಮುದುಕಿ ಬಾಯಿ ಬಿಟ್ಲಾ ಮೇಡಂ? ಜೈಲಾ?"

ಗುಬ್ಬಿಗೆ ಊರೋರದ್ದೆಲ್ಲಾ ಗಂಟ್ಲು ಗುರುತು. ಸಮಾಧಾನ ಹೇಳಿದೋರ ಹೆಸ್ರು ಪರದೆ ಮೇಲೆ ಬರುತ್ತೆ. ಮೇಡಂ ಓದಿದ್ರು, ಕನ್ನಡಕ ತೆಗೆದು ಒರೆಸ್ಕೊಂಡು ಇನ್ನೊಂದ್ಸಲ ಓದಿದ್ರು.

"ತಿಮ್ಮಾಜಮ್ಮ ಅಲ್ಲ. ದುಃಖದಲ್ಲಿರೋರು ತಿಮ್ಮಾಜಮ್ಮ ಅಂತಿದೆ. ಸಮಾಧಾನ ಹೇಳ್ತಿರೋದು… ದಾಕ್ಷಾಯಿಣಿ."

"ನನ್ನ ಮಗಳಾ? ಮಾತಾಡ್ತಾವಳಾ?"

"ನಾಲ್ಕು ನಿಮಿಷದಿಂದ."

ನಾನು ಏನ್ಮಾಡ್ದೆ ಗೊತ್ತಾ? ಕರೆಂಟ್ ಇರೋವಾಗ್ಲೇ ಹೋಗಿ ಜನರೇಟರ್ ಎಬ್ಬಿಸ್ಬುಟ್ಟೆ. ಯಾಕೆ ಅಂತ ಕೇಳ್ಬೇಡಿ. ಕೈಗೆ ಏನಾದ್ರೂ ಒಂದು ಕೆಲ್ಸ ಬೇಕಿತ್ತು.

ಬಚ್ಚಲಲ್ಲಿ ಏನಾಯ್ತು ಅಂತ ಬಾಗ್ಲಲ್ಲಿ ಮಗು ಎತ್ಕೊಂಡು ನಿಂತಿದ್ದ ನಂಜಮ್ಮ ಆಮೇಲೆ ಹೇಳಿದ್ಲು. ಮುದುಕಿ ಹಂಡೆಯಿಂದ ಒಂದು ಚೊಂಬು ಹಾಕಿದ್ಲು, ಎರಡು ಹಾಕಿದ್ಲು. ಮೂರನೇ ಚೊಂಬು ಎತ್ತಿದ ಕೈ ಮೇಲೇ ನಿಂತೋಯ್ತು. ಎಲೆ ಅಡಿಕೆ ಉಗಿದ್ಲು. ಚೊಂಬು ಕೆಳಗಿಟ್ಟು ಒದ್ದೆ ಕಲ್ಲಿನ ಮೇಲೆ ಕುಕ್ಕರಿಸಿ ಅಳೋಕೆ ಶುರು ಮಾಡಿದ್ಲು. ಈ ಊರಲ್ಲಿ ತಿಮ್ಮಾಜಮ್ಮ ಅತ್ತಿದ್ದನ್ನ ನೋಡಿದೋರಿಲ್ಲ.

ಆಗ ದಾಕ್ಷಿ ಗೋಡೆಯಿಂದ ಮುಖ ತಿರುಗಿಸಿದ್ಲಂತೆ. "ಯಾಕಜ್ಜಿ?"

"ನನ್ನ ಕೈಲಾಗಲ್ಲ ಕಣೆ. ಬಾಯಿ ಮುಚ್ಕೊಂಡು ನೀರು ಹಾಕೋದು ಹೆಣಕ್ಕೆ. ಮೂರು ದಿನದಿಂದ ಹೆಣಕ್ಕೆ ನೀರು ಹಾಕ್ದಂಗೆ ನಿಂಗೆ ಹಾಕ್ತಿದ್ದೀನಿ. ಎಷ್ಟೋ ಹೆಣಕ್ಕೆ ಹಾಕಿದೀನಿ, ಉಸಿರಾಡೋಳಿಗೆ ಹಂಗೆ ಹಾಕೋಕೆ ಬರಲ್ಲ ನಂಗೆ."

ಅವಳ ದುಃಖ ಅವಳು ಹೇಳ್ಕೊಂಡ್ಲು, ಅದಕ್ಕೆ ಕೇಸಿಲ್ಲ. ದಾಕ್ಷಿ ಒದ್ದೆ ಕೈಯಲ್ಲಿ ಮುದುಕಿ ಕೈ ಹಿಡ್ಕೊಂಡು ತನ್ನ ಕತ್ತಿನ ಹತ್ರ ಇಟ್ಕೊಂಡ್ಲಂತೆ, ನಾಡಿ ಹೊಡ್ಕೊಳ್ಳೋ ಜಾಗಕ್ಕೆ.

"ಬದುಕಿದ್ದೀನಿ ಕಣಜ್ಜಿ. ಮುಟ್ನೋಡು. ನೀರು ಬಿಸಿ ಅಂತ ಗೊತ್ತಾಗ್ತಿದೆ ನಂಗೆ. ನಿನ್ನೆ ಗೊತ್ತಾಗ್ತಿರ್ಲಿಲ್ಲ, ಇವತ್ತು ಗೊತ್ತಾಗ್ತಿದೆ. ಅಯ್ಯೋ ಶಿವನೇ, ಅಳಬ್ಯಾಡ್ವೇ. ನಾನೆಲ್ಲೂ ಹೋಗಲ್ಲ. ಚೊಂಬು ತಗೋ. ಹಾಕು."

ಇಬ್ಬರೂ ಹಂಗೇ ಕೂತಿದ್ರಂತೆ, ಹಂಡೆ ನೀರು ಆರೋವರೆಗೂ. ಆ ಪೂರ್ತಿ ಹೊತ್ತು ನಮ್ಮನೆ ದೀಪ ಕೆಂಪಗೇ ಉರೀತು, ಮಂಕಾಗ್ಲಿಲ್ಲ. ಜಿಲ್ಲೆಯಲ್ಲೇ ಅಷ್ಟೊತ್ತು ಉರಿದಿದ್ದು ಅದೇ ಅಂತ ಇಂಜಿನಿಯರೊಬ್ರು ಫೋಟೋ ಹೊಡ್ಕೊಂಡ್ರು.

ಮೇಡಂ ನೋಟೀಸ್ ಬರೀಲೇಬೇಕಿತ್ತು, ಬರೆದ್ರು. ಒಂದು ಕಡೆ ಸಿಕ್ಕಿಕೊಂಡ್ರು. "ಧಾರ್ಮಿಕಾನೋ ಧರ್ಮೇತರಾನೋ ಬರೀಬೇಕು ಪಾಪಣ್ಣ. 'ಅಯ್ಯೋ ಶಿವನೇ' ಅಂದಿದಾಳಲ್ಲ?"

"ಅದು ಅವಳು ಹಾಲುಕ್ಕಿದ್ರೂ ಅಂತಾಳೆ ಮೇಡಂ."

ಮೇಡಂ ಆ ಜಾಗದಲ್ಲಿ ಒಂದು ಗೆರೆ ಎಳೆದು ಬಿಟ್ರು. ಹಾಸನದ ದೊಡ್ಡ ಸಾಹೇಬ್ರು, ಗೆರೆ ಅನ್ನೋದು ಯಾವ ಮತ ಅಂತ ಈಗ್ಲೂ ಕಾಗದ ಬರೀತಾನೇ ಇದಾರೆ. ನೋಟೀಸನ್ನ ಮೇಡಂ ಕೈಯಾರೆ ತಂದುಕೊಟ್ರು. ದಾಕ್ಷಿ ಮಗು ಎತ್ಕೊಂಡು ಬಾಗ್ಲಿಗೆ ಬಂದ್ಲು, ಮಗೂನ ಈ ಸೊಂಟದಿಂದ ಆ ಸೊಂಟಕ್ಕೆ ಹಾಕ್ಕೊಂಡು ಸೈನ್ ಹಾಕಿದ್ಲು. ನಾನು ಆ ನೋಟೀಸಿಗೆ ಕಟ್ಟು ಹಾಕಿಸಿ ನಡುಮನೇಲಿ ನೇತಾಕಿದ್ದೀನಿ. ದಾಕ್ಷಿ ಮಾತ್ರೆನೂ ನುಂಗಿದ್ಲು, ಏಳನೇ ವಾರಕ್ಕೆ ನೀಲಿ ಬಿಲ್ಲೆಯೋರ ಹತ್ರನೂ ಹೋದ್ಲು, ಅಯ್ನೋರಿಗೆ ನಮಸ್ಕಾರನೂ ಮಾಡಿದ್ಲು. ಯಾರಿಂದ ಗುಣ ಆಯ್ತು ಅಂತ ನಾನು ಕೇಳೋಕೆ ಹೋಗಿಲ್ಲ.

ತಿಮ್ಮಾಜಮ್ಮ ಈಗ ಜಾಣೆಯಾಗವಳೆ. ಎಲ್ಲಾ ಬಚ್ಚಲಲ್ಲೂ ಚೊಂಬು ಕೆಳಗಿಟ್ಟು ತನ್ನ ಕಷ್ಟ ಹೇಳ್ಕೊಂಡು ಅಳ್ತಾಳೆ. ಬಾಣಂತಿಯರು ಅವಳಿಗೆ ಸಮಾಧಾನ ಹೇಳ್ತಾ ಹೇಳ್ತಾ ತಾವೇ ಎದ್ದು ಕೂರ್ತಾರೆ. ಶಬಾನಾನೂ ಸೇರಿ ಊರಲ್ಲಿ ನಲವತ್ತೊಂದು ಬಾಣಂತಿಯರಿಗೆ ಒಂದೊಂದು ನೋಟೀಸು. ಅವ್ರು ಯಾರೂ ತಲೆ ಕೆಡ್ಸಿಕೊಂಡಿಲ್ಲ, ಒಬ್ಬೊಬ್ಬರಿಗೆ ಒಂದೇ ಅಲ್ವಾ.

ನಮ್ಮ ದಾಕ್ಷಿಗೆ ಮಾತ್ರ ಒಂದು ತೊಡಕು. ಅಂಗನವಾಡೀಲಿ ಕೆಲ್ಸ ಸಿಕ್ಕೈತೆ, ನೋಟೀಸ್ ಇದ್ರೆ ಸೇರಿಸ್ಕೊಳ್ಳಲ್ಲ. ರದ್ದು ಮಾಡಿಸೋಕೆ ಕಾಯ್ದೇಲಿ ಒಂದೇ ದಾರಿ: ಮನೆಗೆ ಸೇರದ ಒಬ್ರು, ಎದೇಲಿ ನಿಜವಾದ ದುಃಖ ಇರೋರು, ಗುಬ್ಬಿ ಕೆಳಗೆ ಒಂದು ಗಂಟೆ ದಾಕ್ಷಿ ಎದುರು ಕೂರ್ಬೇಕು. ಆ ಒಂದು ಗಂಟೆ ಕೆಂಪು ಹತ್ತಬಾರದು. ಸಮಾಧಾನ ಹೇಳೋ ಚಟ ಇವಳಿಗಿಲ್ಲ ಅಂತ ಆಗ ಸಾಬೀತು. ಇಲ್ಲೀವರೆಗೂ ಐದು ಜನನ್ನ ಕೂರಿಸಿದ್ದೀವಿ. ದಾಕ್ಷಿ ಬಾಯಿಗೆ ಸೆರಗು ತುರುಕ್ಕೊಂಡೇ ಕೂರ್ತಾಳೆ. ಐದೂ ಜನ ಅರ್ಧ ಗಂಟೆ ಒಳಗೆ ಹಗುರಾಗಿ, ಕಾಫಿ ಕೇಳಿ ಕುಡಿದು ಎದ್ದು ಹೋದ್ರು. ಐದು ಸಲವೂ ಕೆಂಪು. ಈ ಪರೀಕ್ಷೆಯ ಕೆಂಪಿಗೆ ನೋಟೀಸಿಲ್ಲ, ಆದ್ರೆ ಅವಕಾಶ ಆರೇ ಸಲ. ಕೊನೇ ಅವಕಾಶ ಬರೋ ಬುಧವಾರ ಹನ್ನೊಂದು ಗಂಟೆಗೆ.

ಅವಾಗಿಂದ ನಿಮ್ಮ ಮುಖಾನೇ ನೋಡ್ತಿದ್ದೀನಿ. ನಗ್ತೀರ, ಆದ್ರೆ ಮಧ್ಯ ಮಧ್ಯ ಎಲ್ಲೋ ಹೋಗಿ ಬರ್ತೀರ. ಒಳಗೆ ಏನೋ ಐತೆ, ಯಾರಿಗೂ ಹೇಳಿಲ್ಲ, ಅಲ್ವಾ? ಏನು ಅಂತ ನಂಗೆ ಬೇಡ. ಬುಧವಾರ ಅದನ್ನ ಹಂಗೇ ಹೊತ್ಕೊಂಡು ನಮ್ಮನೆಗೆ ಬನ್ನಿ. ದಾಕ್ಷಿ ಏನೇ ಮಾಡ್ಲಿ, ತಂದಷ್ಟೂ ಭಾರ ವಾಪಸ್ ತಗೊಂಡೋಗ್ಬೇಕು, ಒಂದು ಗುಲಗಂಜಿನೂ ಇಳಿಸಂಗಿಲ್ಲ. ಆಗಲ್ಲ ಅಂತ ಮಾತ್ರ ಅನ್ಬೇಡಿ. ನಿಮ್ಮ ಹೆಸ್ರು ನಿನ್ನೆನೇ ಮೇಡಂ ಹತ್ರ ಬರೆಸಿಬಿಟ್ಟಿದ್ದೀನಿ.